ಅಪ್ಪ-ಅಮ್ಮನಿಗೆ ಮರೆವಿನ ಕಾಯಿಲೆ, 112ಕ್ಕೆ ಮೇಲಿಂದ ಮೇಲೆ ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದವರು ಊರಿನಲ್ಲಿ. ನಡುವೆ ಇರುವುದು ಒಂದು ಮೊಬೈಲ್. ಊರಿನಲ್ಲಿರುವವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬಂದು, ಅದರ ಜೊತೆ ಗಾಬರಿಯೂ ಸೇರಿಕೊಂಡರೆ ಆ ಮೊಬೈಲಿಗೆ ಬಿಡುವೇ ಇರುವುದಿಲ್ಲ. ಮಗ ಎತ್ತದಿದ್ದರೆ ಮಗಳಿಗೆ, ಅವಳೂ ಎತ್ತದಿದ್ದರೆ 112ಕ್ಕೆ, ಇಲ್ಲವೇ 108ಕ್ಕೆ.

ನಾನು ಡಾಕ್ಟರ್ ಅಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಾ ಕಲಿತದ್ದು, ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿದೆ. ಪ್ರಶ್ನೆಗಳು ನಮ್ಮಂಥದೇ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳಿದವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಫೋನ್ ಕಿತ್ತುಕೊಳ್ಳುವ ಮುಂಚೆ ಆ ಭಯ ಹೋಗಿ ಸೇರಲು ಬೇರೆ ಜಾಗ ಮಾಡಿಕೊಡಿ.

ಹತ್ತು ನಿಮಿಷದ ಹಿಂದೆ ತಾನೇ ಮಾತಾಡಿದ್ದೀನಿ, ಮತ್ತೆ ಫೋನ್. ಅಮ್ಮ ಬೇಕೂಂತ ಮಾಡ್ತಾರಾ?

ಇಲ್ಲ. ನೀವು ಮಾತಾಡಿದ್ದು ಅವರ ಪಾಲಿಗೆ ನಡೆದೇ ಇಲ್ಲ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಆಲ್ಝೈಮರ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಸೊರಗುವುದು ಹೊಸ ನೆನಪನ್ನು ಕೂಡಿಡುವ ಭಾಗ. ಅದಕ್ಕೇ ತಮ್ಮ ಮದುವೆಯಲ್ಲಿ ಯಾರು ಕೋಪ ಮಾಡಿಕೊಂಡು ಊಟ ಬಿಟ್ಟು ಎದ್ದು ಹೋದರು ಅನ್ನುವುದನ್ನು ಇವತ್ತಿಗೂ ಹೇಳುತ್ತಾರೆ, ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ.

ಆದರೆ ವಿಷಯ ಮರೆತರೂ ಭಾವನೆ ಅಷ್ಟು ಬೇಗ ಹೋಗುವುದಿಲ್ಲ. 'ಮಗ ಬರ್ತೀನಿ ಅಂದ' ಅನ್ನುವುದು ಅಳಿಸಿಹೋಗುತ್ತದೆ, ಎದೆಯ ಢವಢವ ಉಳಿದುಬಿಡುತ್ತದೆ. ಇದು ಯಾಕೆ ಹೊಡೆದುಕೊಳ್ಳುತ್ತಿದೆ ಅಂತ ಗೊತ್ತಾಗದೆ ಮೆದುಳು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಕಳ್ಳ ಬಂದಿದ್ದಾನೆ, ಮಗನಿಗೆ ಆಕ್ಸಿಡೆಂಟ್ ಆಗಿದೆ, ನನಗೇ ಹಾರ್ಟ್ ಅಟ್ಯಾಕ್ ಆಗ್ತಿದೆ. ಅವರಿಗೆ ಅದು ಪೂರ್ತಿ ನಿಜ. ಇದರಲ್ಲೇ ಒಂದು ಒಳ್ಳೆಯ ಸಂಗತಿಯೂ ಇದೆ. ನೀವು ಸಮಾಧಾನವಾಗಿ ಮಾತಾಡಿದರೆ, ಮಾತು ಮರೆತ ಮೇಲೂ ಆ ಸಮಾಧಾನ ಸ್ವಲ್ಪ ಹೊತ್ತು ಉಳಿಯುತ್ತದೆ. ಹಾಗಾಗಿ ಏನು ಹೇಳಿದಿರಿ ಅನ್ನುವುದಕ್ಕಿಂತ ಯಾವ ದನಿಯಲ್ಲಿ ಹೇಳಿದಿರಿ ಅನ್ನುವುದೇ ಮುಖ್ಯ.

ಹೋದ ವಾರದವರೆಗೂ ಪರವಾಗಿರಲಿಲ್ಲ. ಈಗ ದಿಢೀರಂತ ರಾತ್ರಿಯೆಲ್ಲ ಫೋನ್. ಕಾಯಿಲೆ ಜಾಸ್ತಿ ಆಯ್ತಾ?

ಡಿಮೆನ್ಷಿಯಾ ಹೀಗೆ ರಾತ್ರೋರಾತ್ರಿ ಜಾಸ್ತಿಯಾಗುವುದು ಕಡಿಮೆ. ಎರಡು ಮೂರು ದಿನದಲ್ಲಿ ಬದಲಾವಣೆ ಕಂಡರೆ ಮೊದಲು ದೇಹದಲ್ಲಿ ಬೇರೇನೋ ಆಗಿದೆ ಅಂದುಕೊಳ್ಳಿ. ಇದಕ್ಕೆ ಡಾಕ್ಟರುಗಳು ಡೆಲಿರಿಯಂ ಅನ್ನುತ್ತಾರೆ. ಒಮ್ಮೆ ಸರಿಯಾಗಿರುತ್ತಾರೆ, ಇನ್ನೊಮ್ಮೆ ಎಲ್ಲಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಹಗಲೆಲ್ಲ ತೂಕಡಿಸಿ ರಾತ್ರಿ ಎದ್ದು ಕೂರುತ್ತಾರೆ. ಇದನ್ನು ಕಾಯದೆ ಅವತ್ತೇ ತೋರಿಸಬೇಕು.

ಕಾರಣಗಳು ಬಹಳ ಸಾಮಾನ್ಯವಾದವು. ಮೂತ್ರದ ಸೋಂಕು ಮೊದಲನೆಯದು. ವಯಸ್ಸಾದವರಲ್ಲಿ ಜ್ವರ, ಉರಿ ಯಾವುದೂ ಇಲ್ಲದೆ ಬರೀ ಗೊಂದಲವಾಗಿಯೇ ಅದು ಕಾಣಿಸಿಕೊಳ್ಳಬಹುದು. ನಮ್ಮ ಕಡೆ ಅಜ್ಜಿಯರು ರಾತ್ರಿ ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಬಿಟ್ಟುಬಿಡುತ್ತಾರೆ. ನೀರು ಕಡಿಮೆಯಾದರೂ ಗೊಂದಲ, ಅದರಿಂದ ಸೋಂಕು ಬಂದರೂ ಗೊಂದಲ. ನಾಲ್ಕು ದಿನದ ಮಲಬದ್ಧತೆ, ಶುಗರ್ ಡೌನ್ ಆಗುವುದು, ಬಿಪಿ ಮಾತ್ರೆಯಿಂದ ಸೋಡಿಯಂ ಇಳಿಯುವುದು, ನ್ಯುಮೋನಿಯಾ, ಹೇಳಿಕೊಳ್ಳಲಾಗದ ಹಲ್ಲುನೋವು, ಇವೆಲ್ಲ ಪಟ್ಟಿಯಲ್ಲಿವೆ. ತಿಂಗಳ ಹಿಂದೆ ಬಿದ್ದು ತಲೆಗೆ ಸಣ್ಣ ಪೆಟ್ಟಾಗಿದ್ದರೆ ಅದನ್ನು ಹೇಳುವುದನ್ನು ಮರೆಯಬೇಡಿ. ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡು ವಾರಗಳ ನಂತರ ಹೀಗಾಗುವುದುಂಟು.

ಹೊಸ ಮಾತ್ರೆ ಏನಾದರೂ ಶುರುವಾಯಿತಾ ಅಂತಲೂ ನೋಡಿ. ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಎಷ್ಟೋ ಶೀತದ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ನಮಗೆ ಅದರಿಂದ ಬರೀ ನಿದ್ದೆ, ಡಿಮೆನ್ಷಿಯಾ ಇರುವವರಿಗೆ ತಲೆ ಪೂರ್ತಿ ಗೋಜಲು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಶೀಟನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ.

ದಿನಾ 'ಎದೆ ನೋವು, ಆಂಬುಲೆನ್ಸ್ ಕರೆಸು' ಅಂತಾರೆ. ನಿಜವಾಗಿ ಬಂದಾಗ ಗೊತ್ತಾಗೋದು ಹೇಗೆ?

ಎಲ್ಲರಿಗೂ ಇರುವ ಹೆದರಿಕೆ ಇದು. ತೋಳ ಬಂತು ತೋಳ ಕಥೆಯಲ್ಲಿ ಕೊನೆಗೆ ತೋಳ ನಿಜವಾಗಿಯೂ ಬಂದಿತ್ತು ಅಲ್ವಾ.

ಮನೆಯಲ್ಲಿ ಯಾರಾದರೂ ಇದ್ದರೆ ಪ್ರತಿ ಸಲ ಒಂದೇ ಕ್ರಮದಲ್ಲಿ ನೋಡಿ. ಮುಖದ ಒಂದು ಕಡೆ ಜೋತುಬಿದ್ದಿದೆಯಾ? ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿಯುತ್ತಿದೆಯಾ? ಮಾತು ತೊದಲುತ್ತಿದೆಯಾ? ಇದ್ದರೆ ಸ್ಟ್ರೋಕ್ ಇರಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಅವಕಾಶ, ಹಾಗಾಗಿ ಯೋಚನೆ ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ತಣ್ಣನೆ ಬೆವರು, ಏದುಸಿರು, ತುಟಿ ನೀಲಿಯಾಗುವುದು, ಎಚ್ಚರ ತಪ್ಪುವುದು, ಬಿದ್ದು ತಲೆಗೆ ಪೆಟ್ಟಾಗುವುದು, ಇವಕ್ಕೂ ಅಷ್ಟೇ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ತೋರಿಸಿ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಶುಗರ್ ನೋಡುವ ಮೆಷಿನ್, ಬಿಪಿ ಮೆಷಿನ್, ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದೇ ಡಬ್ಬಿಯಲ್ಲಿರಲಿ.

ಗಾಬರಿಯ ಎದೆನೋವು ಸಾಮಾನ್ಯವಾಗಿ ಯಾರಾದರೂ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ, ಮಾತು ಬೇರೆ ಕಡೆ ತಿರುಗಿದರೆ ಕಡಿಮೆಯಾಗುತ್ತದೆ. ಆದರೆ ಇದನ್ನೇ ಪರೀಕ್ಷೆ ಅಂದುಕೊಳ್ಳಬೇಡಿ. ಹೃದಯದ ಕಾಯಿಲೆ ಮೊದಲೇ ಇದ್ದರೆ, ಅಥವಾ ನೋವು ಇವತ್ತು ಎಂದಿನಂತಿಲ್ಲ ಅಂತ ನಿಮಗೆ ಅನ್ನಿಸಿದರೆ, ಸುಮ್ನೆ ಓಡಾಟ ಆದರೂ ಪರವಾಗಿಲ್ಲ, ಇಸಿಜಿ ಮಾಡಿಸಿ.

ಹಗಲು ಆರಾಮಾಗಿರ್ತಾರೆ. ಸಂಜೆ ಆದ್ರೆ ಯಾಕೆ ಶುರುವಾಗುತ್ತೆ?

ಸಂಜೆ ನಾಲ್ಕೂವರೆ ಐದರ ನಂತರ ಚಡಪಡಿಕೆ ಹೆಚ್ಚುವುದು ಈ ಕಾಯಿಲೆಯಲ್ಲಿ ಎಲ್ಲ ದೇಶದಲ್ಲೂ ಕಾಣುವಂಥದ್ದು. ದಿನದ ದಣಿವು, ಕಡಿಮೆಯಾಗುವ ಬೆಳಕು, ದೇಹದ ಗಡಿಯಾರ ತಪ್ಪುವುದು ಎಲ್ಲ ಸೇರಿಕೊಳ್ಳುತ್ತವೆ. ಜೊತೆಗೆ ಆ ಹೊತ್ತಿಗೆ ಅವರಿಗೆ ಜೀವನವೆಲ್ಲ ಕೆಲಸವಿತ್ತು ಅನ್ನುವುದನ್ನು ನಾವು ಮರೆಯುತ್ತೇವೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮಾಡಿದ ಮನೆಗಳನ್ನೇ ನೋಡಿ. ಹುಳ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಒಂದು ಹೊತ್ತು ತಪ್ಪಿದರೂ ಬೆಳೆ ಕೈಬಿಟ್ಟಂತೆ. ಮೂವತ್ತು ನಲವತ್ತು ವರ್ಷ ಆ ಆತಂಕದಲ್ಲೇ ಬದುಕಿದ ಹೆಂಗಸು ಈಗ ಕತ್ತಲಾಗುವಾಗ ಎದ್ದು 'ಹುಳಕ್ಕೆ ಸೊಪ್ಪು ಹಾಕಿಲ್ಲ, ಯಾರೂ ಇಲ್ಲ, ಬನ್ನಿ' ಅಂತ ಫೋನ್ ಮಾಡಿದರೆ ಆಶ್ಚರ್ಯವೇನು? ಇನ್ನೊಬ್ಬರಿಗೆ ಡೇರಿಗೆ ಹಾಲು ಹಾಕುವ ಹೊತ್ತು. ಗಂಡಸರಿಗೆ ಬೋರ್‌ವೆಲ್: ತ್ರೀ ಫೇಸ್ ಕರೆಂಟ್ ಬಂದಿದೆ, ಮೋಟರ್ ಹಾಕಿಲ್ಲ.

'ಹುಳ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲಮ್ಮ' ಅಂತ ವಾದ ಮಾಡಿದರೆ ಗಾಬರಿ ದುಪ್ಪಟ್ಟಾಗುತ್ತದೆ. ಆ ಹೊತ್ತಿಗೆ ಕೈಗೆ ಕೆಲಸ ಕೊಡಿ. ನಮ್ಮ ಮನೆಯಲ್ಲಿ ನಾಲ್ಕು ಗಂಟೆಗೇ ಲೈಟ್ ಹಾಕುತ್ತೇವೆ. ಕಾಫಿ ಕೊಟ್ಟು, ಮುಂದೆ ಒಂದು ಮೊರ ಇಟ್ಟು ನುಗ್ಗೆಸೊಪ್ಪೋ ದಂಟಿನಸೊಪ್ಪೋ ಸುರಿದುಬಿಡುತ್ತೇವೆ. ಅಮ್ಮ ಒಂದೊಂದೇ ಎಲೆ ಬಿಡಿಸಿ, ಹಣ್ಣಾದದ್ದನ್ನು ಬೇರೆ ಮಾಡಿ, ಕಡ್ಡಿಗಳನ್ನು ಒಂದೇ ಅಳತೆಗೆ ಜೋಡಿಸಿಡುತ್ತಾರೆ. ಅಷ್ಟು ಸೊಪ್ಪು ದಿನಾ ತಿನ್ನಲು ನಮ್ಮಿಂದಾಗುವುದಿಲ್ಲ, ಪಕ್ಕದ ಮನೆಗೂ ಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಫೋನ್ ನೆನಪಾಗುವುದು ಅಪರೂಪ.

ಮಧ್ಯಾಹ್ನ ಎರಡೆರಡು ಗಂಟೆ ಹೊತ್ತು ಮಲಗಿಸಬೇಡಿ. ಬೆಳಿಗ್ಗೆ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಸಂಜೆ ಟಿವಿಯಲ್ಲಿ ಕೊಲೆ ಸುಲಿಗೆ ಕಾರ್ಯಕ್ರಮ ಬೇಡವೇ ಬೇಡ. ಅದು ನಮ್ಮ ಬೀದಿಯಲ್ಲೇ ನಡೆಯುತ್ತಿದೆ ಅಂತ ಅವರು ಅಂದುಕೊಳ್ಳುತ್ತಾರೆ.

ಫೋನ್ ಮಾಡಿದಾಗ ನಾನು ಏನು ಹೇಳಬೇಕು? ಆಫೀಸಿನಲ್ಲಿರ್ತೀನಿ.

'ಆಗ್ಲೇ ಹೇಳಿದ್ನಲ್ಲಮ್ಮಾ, ಎಷ್ಟು ಸಲ ಹೇಳೋದು' ಅನ್ನುವುದು ಬಾಯಿಗೆ ತಾನಾಗೇ ಬರುತ್ತದೆ. ಅದು ಅವರಿಗೆ ಅರ್ಥವಾಗುವುದೇ ಇಲ್ಲ, ಮಗ ರೇಗಿದ ಅನ್ನುವುದಷ್ಟೇ ತಾಗುತ್ತದೆ. 'ಹೂಂ ಕಣಮ್ಮಾ, ಕೇಳಿಸ್ತಾ ಇದೆ. ಹೆದರ್ಕೋಬೇಡ, ನಾನಿದೀನಿ. ಕಾಫಿ ಆಯ್ತಾ?' ಅನ್ನಿ. ಮೊದಲು ಭಯಕ್ಕೆ ಉತ್ತರ, ಆಮೇಲೆ ಮಾತು ಬೇರೆ ಕಡೆಗೆ. ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಮಾತು, ಅದೇ ಪದಗಳು. ಹೊಸ ಹೊಸ ವಿವರಣೆ ಕೊಡಬೇಡಿ. 'ಏಳೂವರೆಗೆ ಬರ್ತೀನಿ' ಅನ್ನುವುದಕ್ಕಿಂತ 'ಊಟದ ಹೊತ್ತಿಗೆ ಬರ್ತೀನಿ' ಅನ್ನುವುದು ಅವರಿಗೆ ಹಿಡಿತಕ್ಕೆ ಸಿಗುತ್ತದೆ.

ಓದು ಬರುವವರಾದರೆ ಫೋನಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: 'ಅಮ್ಮಾ, ನಾನು ಕೆಲಸಕ್ಕೆ ಹೋಗಿದ್ದೀನಿ. ಊಟದ ಹೊತ್ತಿಗೆ ಬರ್ತೀನಿ. ಎಲ್ಲಾ ಸರಿಯಾಗಿದೆ.' ಕೆಳಗೆ ನಿಮ್ಮ ಹೆಸರು. ಡಿಮೆನ್ಷಿಯಾದಲ್ಲಿ ಓದುವ ಅಭ್ಯಾಸ ಬಹಳ ದಿನ ಉಳಿಯುತ್ತದೆ. ಓದು ಬಾರದವರಿಗೆ ನಿಮ್ಮ ಫೋಟೊ ಇರಲಿ.

ಇನ್ನೊಂದು ಉಪಾಯ: ಅವರು ಮಾಡುವ ಮುಂಚೆ ನೀವೇ ಮಾಡಿ. ನಾಲ್ಕೂವರೆಗೆ ಶುರುವಾಗುತ್ತದೆ ಅಂತ ಗೊತ್ತಿದ್ದರೆ ನಾಲ್ಕಕ್ಕೇ ಎರಡು ನಿಮಿಷ ಮಾತಾಡಿ.

ಅಪ್ಪ ತೀರಿಹೋಗಿ ವರ್ಷಗಳಾಗಿವೆ. ಅಮ್ಮ 'ಅವರಿನ್ನೂ ಮನೆಗೆ ಬಂದಿಲ್ಲ, ಹುಡುಕಿ' ಅಂತ ಪೊಲೀಸರಿಗೆ ಫೋನ್ ಮಾಡ್ತಾರೆ. ನಿಜ ಹೇಳಬೇಕಾ?

ಪ್ರತಿ ಸಲ ನಿಜ ಹೇಳಿದರೆ ಪ್ರತಿ ಸಲವೂ ಅವರಿಗೆ ಅದು ಹೊಸ ಸಾವಿನ ಸುದ್ದಿ. ಅತ್ತು, ಮರೆತು, ಮತ್ತೆ ಕೇಳುತ್ತಾರೆ. ಹಾಗಂತ ಕಟ್ಟುಕಥೆಯೂ ಬೇಕಿಲ್ಲ. 'ಅಪ್ಪ ಯಾವಾಗ್ಲೂ ಲೇಟೇ ಅಲ್ವಾಮ್ಮಾ? ಗೂಡು ತಗೊಂಡು ಮಾರ್ಕೆಟ್‌ಗೆ ಹೋದ್ರೆ ಎಷ್ಟು ಹೊತ್ತಿಗೆ ಬರ್ತಿದ್ರು?' ಅಂತ ಕೇಳಿ. ಅಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್, ಆವತ್ತಿನ ರೇಟು, ಅಪ್ಪ ತಂದ ಬೋಂಡದ ಪೊಟ್ಟಣ ಎಲ್ಲ ಹೇಳತೊಡಗುತ್ತಾರೆ. ಅವರಿಗೆ ಬೇಕಾಗಿದ್ದು ಅಪ್ಪನ ವಿಷಯ ಮಾತಾಡಲು ಒಬ್ಬರು.

ಆದರೆ ನೇರವಾಗಿ, ನೆಟ್ಟಗೆ ಮುಖ ನೋಡಿ 'ಅವರು ಹೋಗಿಬಿಟ್ರಾ?' ಅಂತ ಕೇಳಿದರೆ ಮುಚ್ಚಿಡಬೇಡಿ. ಆ ಕ್ಷಣದಲ್ಲಿ ಅವರಿಗೆ ಗೊತ್ತಿರುತ್ತದೆ.

ಪೊಲೀಸರು ಮನೆಗೆ ಬಂದಿದ್ರು. ಕೇಸ್ ಆಗುತ್ತಾ?

ಹೆದರಬೇಡಿ. ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ ಇರುವುದು ಸುಳ್ಳು ಅಂತ ಗೊತ್ತಿದ್ದೂ ಸರ್ಕಾರಿ ನೌಕರರಿಗೆ ಮಾಹಿತಿ ಕೊಡುವವರಿಗೆ. ನಿಮ್ಮ ತಾಯಿಗೆ ಅದು ಸುಳ್ಳಲ್ಲ. ಮನಸ್ಸು ಸ್ಥಿಮಿತದಲ್ಲಿಲ್ಲದೆ, ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯಲಾಗದವರು ಮಾಡಿದ್ದು ಅಪರಾಧವಲ್ಲ ಅಂತ 22ನೇ ಸೆಕ್ಷನ್ ಹೇಳುತ್ತದೆ.

ಆದರೂ ಒಂದು ಗಾಡಿ ಸುಮ್ನೆ ಬಂದು ಹೋದರೆ ಆ ಹೊತ್ತಿಗೆ ಬೇರೆ ಯಾರಿಗೋ ಅದು ಸಿಗುವುದಿಲ್ಲ. ಹಾಗಾಗಿ ಅವರು ಬರುವವರೆಗೆ ಕಾಯದೆ ನೀವೇ ಠಾಣೆಗೆ ಹೋಗಿ. ಡಾಕ್ಟರ್ ಬರೆದುಕೊಟ್ಟ ಚೀಟಿಯ ಜೆರಾಕ್ಸ್, ಒಂದು ಅರ್ಜಿ. ಅರ್ಜಿಯಲ್ಲಿ ತಾಯಿಯ ಹೆಸರು, ಅವರು ಬಳಸುವ ಮೊಬೈಲ್ ನಂಬರು, ಮನೆಯ ಗುರುತು, ನಿಮ್ಮ ನಂಬರು, ಪಕ್ಕದ ಮನೆಯವರ ನಂಬರು ಇರಲಿ. ಈ ನಂಬರಿನಿಂದ ಫೋನ್ ಬಂದರೆ ದಯವಿಟ್ಟು ನಮಗೂ ತಿಳಿಸಿ ಅಂತ ಕೇಳಿಕೊಳ್ಳಿ. 'ಅವರ ಫೋನ್ ಬಂದ್ರೆ ಬಿಟ್ಬಿಡಿ ಸಾರ್' ಅಂತ ಮಾತ್ರ ಯಾವ ಕಾರಣಕ್ಕೂ ಹೇಳಬೇಡಿ. ಬೀಟ್ ಪೊಲೀಸರ ಪರಿಚಯ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮುಂದೆ ತಾಯಿ ದಾರಿ ತಪ್ಪಿ ಹೊರಗೆ ಹೋದರೆ ಅವರೇ ನೆರವಿಗೆ ಬರುವವರು.

ಫೋನನ್ನೇ ಕಿತ್ತುಕೊಂಡ್ರೆ? ರೀಚಾರ್ಜ್ ಮಾಡಿಸದೆ ಬಿಟ್ರೆ?

ರೀಚಾರ್ಜ್ ನಿಲ್ಲಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಮತ್ತು ಉಲ್ಟಾ ಹೊಡೆಯುವ ಉಪಾಯ. ಬ್ಯಾಲೆನ್ಸ್ ಇಲ್ಲದಿದ್ದರೆ ಮಗನಿಗೆ ಫೋನ್ ಹೋಗುವುದಿಲ್ಲ, 112ಕ್ಕೆ ಹೋಗುತ್ತದೆ! ತುರ್ತು ಕರೆಗೆ ದುಡ್ಡು ಬೇಕಿಲ್ಲ. ಅಂದರೆ ನೀವೇ ಅವರನ್ನು 112ರ ಕಡೆ ತಳ್ಳಿದಂತೆ. ಕೆಲವೇ ನಂಬರಿಗೆ ಹೋಗುವಂತೆ ಸಿಮ್ ಲಾಕ್ ಮಾಡಿದರೂ ತುರ್ತು ನಂಬರು ಅದರೊಳಗೆ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಸಲ ಅವರು 112ಕ್ಕೆ ಫೋನ್ ಮಾಡಿಯೇ ಇರುವುದಿಲ್ಲ. 2016ರ ಕೇಂದ್ರದ ನಿಯಮದ ಪ್ರಕಾರ ಹೊಸ ಮೊಬೈಲುಗಳಲ್ಲೆಲ್ಲ ಪ್ಯಾನಿಕ್ ಬಟನ್ ಇರಬೇಕು. ಕೀಪ್ಯಾಡ್ ಸೆಟ್ಟಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಮೇಲಿಂದ ಮೇಲೆ ಒತ್ತುವುದು. ವಯಸ್ಸಾದವರು ಕೀಪ್ಯಾಡ್ ಫೋನನ್ನು ಹೇಗೆ ಹಿಡಿಯುತ್ತಾರೆ ಅಂತ ಒಮ್ಮೆ ಗಮನಿಸಿ. ಹೆಬ್ಬೆರಳು ಸರಿಯಾಗಿ ನಡುವಿನ 5ರ ಮೇಲೆ ಕೂತಿರುತ್ತದೆ, ಗಾಬರಿಯಲ್ಲಿ ಗಟ್ಟಿಯಾಗಿ ಒತ್ತಿಕೊಂಡೇ ಇರುತ್ತಾರೆ. ಹಾಗಾಗಿ ಅವರ ಸೆಟ್ಟಿನಲ್ಲಿ ಯಾವ ಬಟನ್ ಏನು ಮಾಡುತ್ತದೆ ಅಂತ ಮೊಬೈಲ್ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಸ್ಮಾರ್ಟ್‌ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಎಂಬಲ್ಲಿ ಬಟನ್ ಒತ್ತುವ ವ್ಯವಸ್ಥೆಯನ್ನು ಸಾಮಾನ್ಯವಾಗಿ ಬದಲಿಸಬಹುದು.

ಭಯಕ್ಕೆ ಬೇರೆ ಜಾಗ ಅಂದೆನಲ್ಲ, ಅದು ಹೀಗೆ. ಒಂದೇ ಬಟನ್ನಿಗೆ ಒಂದು ಮುಖ: ಸ್ಪೀಡ್ ಡಯಲ್ 2 ಒತ್ತಿದರೆ ಮಗಳು, 3 ಒತ್ತಿದರೆ ಮಗ. ಬಟನ್ ಮೇಲೆ ಬಣ್ಣದ ಸ್ಟಿಕ್ಕರ್, ಗೋಡೆಯ ಮೇಲೆ ಅದೇ ಬಣ್ಣದ ಪಕ್ಕದಲ್ಲಿ ಫೋಟೊ. ಅಣ್ಣ ತಮ್ಮ ಅಕ್ಕ ತಂಗಿ ಹೊತ್ತು ಹಂಚಿಕೊಳ್ಳಿ. ಸಂಜೆ ಐದರಿಂದ ಎಂಟು ಇವರದು, ರಾತ್ರಿ ಅವರದು. ಆ ಹೊತ್ತಿನಲ್ಲಿ ಅವರು ಎತ್ತಲೇಬೇಕು. ಎತ್ತುವವರು ಇದ್ದರೆ 112ಕ್ಕೆ ಹೋಗುವುದು ತಾನಾಗೇ ಕಡಿಮೆಯಾಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಸಿಕ್ಕಿಕೊಂಡಿದ್ದರೆ ಊರಿನಲ್ಲೇ ಇರುವ ಒಬ್ಬ ಅತ್ತೆಯನ್ನೋ ಚಿಕ್ಕಪ್ಪನನ್ನೋ ಸೇರಿಸಿಕೊಳ್ಳಿ.

ಫೋನ್ ತೆಗೆಯುವ ಹಂತವೂ ಬರುತ್ತದೆ. ಜೊತೆಯಲ್ಲಿ ದಿನವಿಡೀ ಒಬ್ಬರು ಇರುವಾಗ, ಫೋನ್ ನೋಡಿದರೇ ಗಾಬರಿ ಹೆಚ್ಚುವಾಗ ಮೆಲ್ಲಗೆ ಕಣ್ಣಿಂದ ಮರೆ ಮಾಡಿ. ಒಬ್ಬರೇ ಇರುವ ಮನೆಯಲ್ಲಿ ಮಾತ್ರ ಖಂಡಿತ ಬೇಡ.

ಸಿಸಿ ಕ್ಯಾಮೆರಾ ಹಾಕಿಸುವವರಿಗೆ ಒಂದು ಮಾತು. ನೋಡಲು ಅದು ಅನುಕೂಲ. ಆದರೆ ಅದರ ಸ್ಪೀಕರಿನಿಂದ 'ಅಮ್ಮಾ, ಒಳಗೆ ಹೋಗು' ಅಂತ ಕೂಗಬೇಡಿ. ಗೋಡೆ ಮಾತಾಡಿದರೆ ನಾವಾದರೂ 112ಕ್ಕೇ ಫೋನ್ ಮಾಡುತ್ತೇವೆ.

'ಮನೆಯಲ್ಲಿ ಯಾರೋ ಇದ್ದಾರೆ, ಸೊಸೆ ಒಡವೆ ಕದ್ದಳು' ಅಂತ ಕಂಪ್ಲೇಂಟ್ ಕೊಡ್ತಾರೆ.

ತಾವೇ ಎತ್ತಿಟ್ಟು ಮರೆತದ್ದನ್ನು ಯಾರೋ ಕದ್ದರು ಅನ್ನುವುದು ಈ ಕಾಯಿಲೆಯ ಮಾಮೂಲಿ ಲಕ್ಷಣ. ಆರೋಪ ಬೀಳುವುದು ಹತ್ತಿರದಲ್ಲಿದ್ದು ಸೇವೆ ಮಾಡುವವರ ಮೇಲೆಯೇ, ಅದೇ ಸಂಕಟ. ಸೊಸೆಗೆ ಇದು ಕಾಯಿಲೆಯ ಮಾತು ಅಂತ ಮನೆಯ ಉಳಿದವರು ಬಾಯಿಬಿಟ್ಟು ಹೇಳಬೇಕು. ಅವಳಿಗೇ ಅರ್ಥವಾಗಿರುತ್ತದೆ ಅಂತ ಸುಮ್ಮನಿರಬೇಡಿ. ನಿಜವಾದ ಒಡವೆ ಲಾಕರಿನಲ್ಲಿರಲಿ. 'ಬಾ ಅತ್ತೆ, ಇಬ್ರೂ ಹುಡುಕೋಣ' ಅಂತ ಜೊತೆಯಲ್ಲಿ ಹುಡುಕಿ. ಅಕ್ಕಿ ಡಬ್ಬಿ, ದಿಂಬಿನ ಕವರು, ಹಳೇ ಸೀರೆಯ ಮಡಿಕೆ, ದೇವರ ಫೋಟೊ ಹಿಂಭಾಗ ಮೊದಲು ನೋಡಿ.

ಯಾರೋ ನಿಂತಿದ್ದಾರೆ ಅಂದರೆ ಅವರು ನಿಂತ ಜಾಗದಲ್ಲೇ ನೀವೂ ನಿಂತು ನೋಡಿ. ರಾತ್ರಿ ಕಿಟಕಿಯ ಗಾಜಿನಲ್ಲಿ, ಬೀರುವಿನ ಕನ್ನಡಿಯಲ್ಲಿ ಕಾಣುವುದು ಅವರದೇ ನೆರಳಿರಬಹುದು. ಪರದೆ ಎಳೆದರೆ ಮುಗಿಯಿತು. ಕಣ್ಣಿನ ಪೊರೆ, ಕಿವಿಯ ಗುಗ್ಗೆ ತೆಗೆಸಿದ ಮೇಲೆ ಅರ್ಧ ಗಾಬರಿ ಇಳಿದವರೂ ಇದ್ದಾರೆ. ಆದರೆ ಮನೆಯೊಳಗೆ ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುತ್ತವೆ ಅಂದರೆ, ಜೊತೆಗೆ ನಡಿಗೆ ನಿಧಾನವಾಗಿ ಮೈ ಬಿಗಿಯಾಗಿದ್ದರೆ, ಅದನ್ನು ಡಾಕ್ಟರಿಗೆ ಖಂಡಿತ ಹೇಳಿ. ಲ್ಯೂವಿ ಬಾಡಿ ಎನ್ನುವ ಬಗೆಯ ಡಿಮೆನ್ಷಿಯಾ ಇರಬಹುದು. ಅದರಲ್ಲಿ ಹ್ಯಾಲೊಪೆರಿಡಾಲ್‌ನಂಥ ಔಷಧಿ ತುಂಬಾ ಅಪಾಯ.

ಗಾಬರಿಗೆ ಮಾತ್ರೆ ಇಲ್ವಾ?

ಇದೆ, ಆದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ನಿದ್ದೆ ಮಾತ್ರೆ ಅಲ್ಲ. ಆಲ್ಪ್ರಜೋಲಾಂ, ಡಯಾಜೆಪಾಂ ಥರದವು ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸುತ್ತವೆ, ಬೀಳಿಸುತ್ತವೆ. ಸೊಂಟದ ಮೂಳೆ ಮುರಿದರೆ ಅಲ್ಲಿಂದ ಬೇರೆಯೇ ಕಥೆ. ಡೊನೆಪೆಜಿಲ್, ಮೆಮಾಂಟಿನ್ ಮರೆವಿನ ಲಕ್ಷಣಕ್ಕೆ ಕೊಡುವವು, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಖಿನ್ನತೆ, ಆತಂಕ ಜಾಸ್ತಿ ಇದ್ದರೆ ಡಾಕ್ಟರ್ ಬೇರೆ ಮಾತ್ರೆ ಯೋಚಿಸುತ್ತಾರೆ, ಅವು ಕೆಲಸ ಮಾಡಲು ವಾರಗಳು ಬೇಕು. ಭ್ರಮೆ, ರೊಚ್ಚು ತಗ್ಗಿಸಲು ಕೊಡುವ ಕ್ವೆಟಿಯಪೈನ್, ರಿಸ್ಪೆರಿಡೋನ್ ಬರೆದರೆ ಯಾಕೆ, ಎಷ್ಟು ದಿನ, ಯಾವಾಗ ನಿಲ್ಲಿಸುವುದು ಅಂತ ಕೇಳಿ. ಡಿಮೆನ್ಷಿಯಾ ಇರುವವರಲ್ಲಿ ಇವು ಸ್ಟ್ರೋಕ್ ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ತೀರಾ ಬೇಕಾದಾಗ ಕಡಿಮೆ ಡೋಸ್, ಕಡಿಮೆ ದಿನ.

ಡಾಕ್ಟರ್ ಹತ್ತಿರ ಹೋಗುವಾಗ ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ಫೋನ್, ಏನು ಹೇಳಿದರು, ಅದಕ್ಕೆ ಮುಂಚೆ ಏನಾಗಿತ್ತು.

ಎಲ್ಲಿ ತೋರಿಸಬೇಕು?

ನಮ್ಮ ಎರಡು ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದರಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗಳೂ ಇದ್ದವು. ಡಿಮೆನ್ಷಿಯಾ, ಸ್ಟ್ರೋಕ್, ಮೂರ್ಛೆ ರೋಗ, ತಲೆನೋವಿಗೆ ಅಂತಲೇ ಇರುವ ಕ್ಲಿನಿಕ್ ಅದು. ಕೋಲಾರದವರಿಗೆ ಜಿಲ್ಲಾ ಆಸ್ಪತ್ರೆ ಅಂದರೆ ಎಸ್ಎನ್ಆರ್. ಯಾವ ದಿನ ಡಾಕ್ಟರ್ ಇರುತ್ತಾರೆ ಅಂತ ಕೇಳಿಕೊಂಡು ಹೋಗಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುತ್ತಾರೆ. ಕಾಯಿಲೆ ಗುರುತು ಹಿಡಿಯುವುದು ಕಷ್ಟವಾದರೆ ನಿಮ್ಹಾನ್ಸ್‌ಗೆ ಕಳಿಸುತ್ತಾರೆ. ಬಿ12, ಥೈರಾಯ್ಡ್ ಪರೀಕ್ಷೆ ಮಾಡದೆ ಡಿಮೆನ್ಷಿಯಾ ಅಂತ ತೀರ್ಮಾನ ಮಾಡಿದ್ದರೆ ಅದನ್ನು ಮಾಡಿಸಿ ಅಂತ ನೀವೇ ಕೇಳಿ.

'ಅರವತ್ತಕ್ಕೆ ಅರಳು ಮರಳು' ಅಂತ ಸುಮ್ಮನಾಗುವ ಕಾಲ ಹೋಯಿತು. ಮಾವಿನ ಹಣ್ಣಿಗೆ ಹೆಸರಾದ ಶ್ರೀನಿವಾಸಪುರ ತಾಲೂಕಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿ ಜನರ ಮೆದುಳಿನ ಆರೋಗ್ಯವನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ.

ದೇವರು, ದಿಷ್ಟಿ, ಮಾಟ ಅಂತ ನೆಂಟರು ಹೇಳ್ತಾರೆ.

ಕೈವಾರಕ್ಕೋ ನಂದಿಗೋ ಕರೆದುಕೊಂಡು ಹೋಗಿ, ಖುಷಿ ಪಡುತ್ತಾರೆ. ಮಾತ್ರೆ ನಿಲ್ಲಿಸಿ ಅನ್ನುವವರ ಮನೆಗೆ ಮಾತ್ರ ಹೋಗಬೇಡಿ.

ಮನೆಮಾತು ತೆಲುಗು. ಈಗ ಅಮ್ಮ ಕನ್ನಡವನ್ನೇ ಬಿಟ್ಟಿದ್ದಾರೆ.

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಇದು ಸಾಮಾನ್ಯ. ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಅಮ್ಮನ ಮಡಿಲಲ್ಲಿ ಕಲಿತದ್ದು ಕೊನೆಗೆ. ಸಮಾಧಾನ ಹೇಳುವಾಗ ತೆಲುಗಿನಲ್ಲೇ ಹೇಳಿ. ನೋಡಿಕೊಳ್ಳಲು ಬರುವ ಹುಡುಗಿಗೂ ತೆಲುಗು ಬರಲಿ. ಠಾಣೆಗೆ ಕೊಡುವ ಅರ್ಜಿಯಲ್ಲಿ 'ತೆಲುಗಿನಲ್ಲಿ ಮಾತಾಡುತ್ತಾರೆ' ಅಂತ ಒಂದು ಸಾಲು ಸೇರಿಸಿ.

ಬೆಂಗಳೂರಿಗೇ ಕರೆದುಕೊಂಡು ಬಂದ್ರೆ ಫೋನ್ ನಿಲ್ಲುತ್ತಲ್ವಾ?

ನಿಮಗೆ ಬರುವ ಫೋನ್ ನಿಲ್ಲಬಹುದು, ಗಾಬರಿ ನಿಲ್ಲಬೇಕಲ್ಲ. ಹಳೇ ಮನೆಯಲ್ಲಿ ಕತ್ತಲಲ್ಲೂ ಬಚ್ಚಲಿಗೆ ದಾರಿ ಗೊತ್ತಿರುತ್ತದೆ. ಹೊಸ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಬಾಗಿಲೂ ಅಪರಿಚಿತ. ಮೊದಲ ಕೆಲವು ವಾರ 'ಮನೆಗೆ ಹೋಗಬೇಕು' ಅನ್ನುವುದು ಜಾಸ್ತಿಯೇ ಆಗುತ್ತದೆ. ಒಬ್ಬರೇ ಇದ್ದು ಗ್ಯಾಸ್ ಆನ್ ಮಾಡಿ ಮರೆಯುವ, ಹೊರಗೆ ಹೋಗಿ ದಾರಿ ತಪ್ಪುವ ಹಂತವಾದರೆ ಬೇರೆ ದಾರಿಯಿಲ್ಲ, ಕರೆತನ್ನಿ. ಅವರ ಮಂಚ, ಕಂಬಳಿ, ದೇವರ ಫೋಟೊ ಜೊತೆಗೆ ಬರಲಿ. ಮಕ್ಕಳು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆಯಲ್ಲ, ಅದು ಲೆಕ್ಕಕ್ಕೆ ನ್ಯಾಯ, ಅವರಿಗೆ ಶಿಕ್ಷೆ. ಒಂದು ಕಡೆ ಇರಲಿ, ಮಕ್ಕಳು ಸರದಿಯಲ್ಲಿ ಅಲ್ಲಿಗೆ ಬರಲಿ.

'ನನ್ನ ಹತ್ರ ಚೆನ್ನಾಗೇ ಮಾತಾಡ್ತಾರಲ್ಲ' ಅಂತಾನೆ ತಮ್ಮ.

ಭಾನುವಾರದ ಐದು ನಿಮಿಷದ ಫೋನಿನಲ್ಲಿ ಯಾರು ಬೇಕಾದರೂ ಚೆನ್ನಾಗಿ ಮಾತಾಡುತ್ತಾರೆ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಅನ್ನುವ ಮಾತು ಈ ಕಾಯಿಲೆಯಲ್ಲಿ ಬಹಳ ದಿನ ಉಳಿಯುತ್ತದೆ. ತಮ್ಮನನ್ನು ಒಂದು ಸಂಜೆ ನಾಲ್ಕಕ್ಕೆ ಕರೆಸಿ, ಮಾರನೇ ಬೆಳಿಗ್ಗೆ ಕಳಿಸಿ. ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ನನಗೇ ಫೋನ್ ರಿಂಗ್ ಕೇಳಿದ್ರೆ ಕೈ ನಡುಗುತ್ತೆ. ಒಮ್ಮೊಮ್ಮೆ ಕಿರುಚಿಬಿಡ್ತೀನಿ.

ಇದು ಬಹುಪಾಲು ಜನ ಕೊನೆಯಲ್ಲಿ, ಹೊರಡುವಾಗ ಕೇಳುವ ಪ್ರಶ್ನೆ. ನಿದ್ದೆಯಿಲ್ಲದ ಮನುಷ್ಯ ಕಿರುಚುತ್ತಾನೆ, ಅದರಲ್ಲಿ ವಿಶೇಷವೇನಿಲ್ಲ. ಅಮ್ಮನ ನಂಬರಿಗೆ ಬೇರೆ ರಿಂಗ್‌ಟೋನ್ ಇಡಿ, ಉಳಿದ ಫೋನ್‌ಗಳಿಗಾದರೂ ಎದೆ ಹೊಡೆದುಕೊಳ್ಳುವುದಿಲ್ಲ. ವಾರದಲ್ಲಿ ಒಂದು ರಾತ್ರಿ ನಿಮ್ಮ ಫೋನ್ ಪೂರ್ತಿ ಸೈಲೆಂಟ್, ಆವತ್ತಿನ ಸರದಿ ಇನ್ನೊಬ್ಬರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಅದು ರೋಗಿಗೆ ಮಾತ್ರ ಅಲ್ಲ, ನಿಮಗೂ ಹೌದು. ಹಿರಿಯರ ವಿಷಯದಲ್ಲಿ ಯಾವ ಸೌಲಭ್ಯ ಎಲ್ಲಿದೆ ಅಂತ ಕೇಳಲು ಎಲ್ಡರ್‌ಲೈನ್ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಅಮ್ಮನ ಮೇಲೆ ಕೈ ಎತ್ತಬೇಕು ಅನ್ನಿಸಿದ್ದರೆ, ಅಥವಾ ಬದುಕೇ ಸಾಕು ಅನ್ನಿಸಿದ್ದರೆ, ನಾಳೆಗೆ ಬಿಡದೆ ಇವತ್ತೇ ಫೋನ್ ಮಾಡಿ.

ಈಗ ಒಂದು ತಿಂಗಳಿಂದ ಫೋನೇ ಮಾಡ್ತಿಲ್ಲ. ಗಾಬರಿ ಹೋಯ್ತಾ?

ಹೋಗಿರಬಹುದು. ಅಥವಾ ಫೋನ್ ಬಳಸುವುದೇ ಮರೆತಿರಬಹುದು. ಟಿವಿ ರಿಮೋಟನ್ನು ಕಿವಿಗೆ ಹಿಡಿಯುತ್ತಿದ್ದರೆ ಎರಡನೆಯದು. ಆಗ ಗಾಬರಿ ಮೈಯಲ್ಲಿ ಕಾಣುತ್ತದೆ. ಸೆರಗಿನ ತುದಿ ಸುತ್ತುತ್ತಲೇ ಇರುವುದು, ಬಾಗಿಲಿನಿಂದ ಬಾಗಿಲಿಗೆ ಓಡಾಡುವುದು, ಸ್ನಾನಕ್ಕೆ ಕರೆದರೆ ತಳ್ಳುವುದು, ನರಳುವುದು. ಹೀಗಿದ್ದರೆ ಮೊದಲು ನೋವು ಇದೆಯಾ ಅಂತ ನೋಡಿ. ಮಂಡಿ, ಹಲ್ಲು, ಹೊಟ್ಟೆ ಮುಟ್ಟಿ ನೋಡುವಾಗ ಮುಖ ಕಿವುಚುತ್ತಾರಾ ಗಮನಿಸಿ. ಡಾಕ್ಟರ್ ಹತ್ತಿರ ಹೋದಾಗ 'ಈಗ ಫೋನ್ ಇಲ್ಲ, ಆರಾಮಾಗಿದ್ದಾರೆ' ಅನ್ನಬೇಡಿ, ಕಂಡದ್ದನ್ನು ಹಾಗೇ ಹೇಳಿ.